ಮುಳುಗುವ ಮುಂಚೆ ಜೋರಾಗಿ ಉಸಿರಾಡಿಕೊಂಡರೆ ಹೆಚ್ಚು ದಮ್ಮು ಸಿಗುತ್ತದೆಯೇ?

ಬೇಸಿಗೆ ರಜೆ ಬಂತೆಂದರೆ ಈ ಪ್ರಶ್ನೆಯೂ ಬಂತು. ಉತ್ತರವನ್ನೂ ಎಷ್ಟೋ ಮಂದಿ ತಾವೇ ಬರೆದಿರುತ್ತಾರೆ: ‘ಹತ್ತಿಪ್ಪತ್ತು ಸಲ ಜೋರಾಗಿ ಎಳೆದು ಬಿಟ್ಟರೆ ಆಮ್ಲಜನಕ ಸ್ಟಾಕ್ ಆಗುತ್ತೆ ಅಲ್ವಾ ಸರ್?’ ಆಗುವುದಿಲ್ಲ. ಹೋದ ಬೇಸಿಗೆಯಲ್ಲೂ ಇದನ್ನೇ ಹೇಳಿದ್ದೆ.

ಸುಮ್ಮನೆ ಕೂತ ಆರೋಗ್ಯವಂತರ ರಕ್ತದಲ್ಲಿ ಹಿಮೊಗ್ಲೋಬಿನ್ ಆಗಲೇ ಶೇ 97–98ರಷ್ಟು ಆಮ್ಲಜನಕ ಹೊತ್ತಿರುತ್ತದೆ. ತುಂಬಿದ ಕೊಡಕ್ಕೆ ಇನ್ನೆಷ್ಟು ಸುರಿದೀರಿ? ನಂಬಿಕೆ ಬಾರದಿದ್ದರೆ ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಬೀರುವಿನಲ್ಲಿ ಇದ್ದೇ ಇರುತ್ತದೆ, ಸೆಲ್ ಹಾಕಿ ಬೆರಳಿಗೆ ಸಿಕ್ಕಿಸಿ. ಕುರ್ಚಿಯಲ್ಲಿ ಕೂತು ಉಸಿರು ಕಟ್ಟಿ. (ಆಸ್ತಮಾ, ಹೃದಯದ ತೊಂದರೆ ಇದ್ದವರಿಗೆ ಈ ಪರೀಕ್ಷೆ ಬೇಡ.) ‘ಇನ್ನಾಗಲ್ಲಪ್ಪ’ ಅಂತ ಒದ್ದಾಟ ಶುರುವಾದಾಗಲೂ ಬಹುಪಾಲು ಜನರಿಗೆ ಅಂಕಿ 95ಕ್ಕಿಂತ ಕೆಳಗಿಳಿದಿರುವುದಿಲ್ಲ. ಹಾಗಾದರೆ ಒದ್ದಾಡಿಸಿದ್ದು ಯಾವುದು? ಇಂಗಾಲದ ಡೈಆಕ್ಸೈಡ್. ಅದು ಏರಿದಂತೆ ರಕ್ತದ ಆಮ್ಲೀಯತೆ ಹೆಚ್ಚುತ್ತದೆ. ಮಿದುಳಿನ ಬುಡದಲ್ಲಿರುವ ಮೆಡುಲ್ಲಾಕ್ಕೆ ಅದು ಗೊತ್ತಾಗಿ, ಉಸಿರೆಳೆಯುವಂತೆ ವಪೆಗೆ (ಎದೆಗೂ ಹೊಟ್ಟೆಗೂ ನಡುವಿನ ಉಸಿರಾಟದ ಸ್ನಾಯು) ಆಜ್ಞೆ ಹೋಗುತ್ತದೆ. ಆಕ್ಸ್‌ಫರ್ಡಿನ ಹಾಲ್ಡೇನ್ ಮತ್ತು ಪ್ರೀಸ್ಟ್ಲಿ 1905ರಲ್ಲೇ ಇದನ್ನು ತೋರಿಸಿದ್ದಾರೆ.

ಜೋರುಸಿರಾಟದಿಂದ ಆಗುವುದು ಇಷ್ಟೇ: ಇಂಗಾಲದ ಡೈಆಕ್ಸೈಡ್ ಖಾಲಿಯಾಗುತ್ತದೆ. ಆಮ್ಲಜನಕ ಹೆಚ್ಚಲಿಲ್ಲ, ಎಚ್ಚರಿಕೆ ತಡವಾಯಿತು. ಬಾವಿಗೆ ಹಾರಿದ ಹುಡುಗನಿಗೆ ನೀರಡಿಯಲ್ಲಿ ಹಾಯಾಗಿಯೇ ಇರುತ್ತದೆ. ಅಷ್ಟರಲ್ಲಿ ಆಮ್ಲಜನಕ ಇಳಿದು, ಒದ್ದಾಟವಿಲ್ಲದೆಯೇ ಪ್ರಜ್ಞೆ ತಪ್ಪುತ್ತದೆ. ಆಮೇಲೆ ದೇಹ ತಾನಾಗಿ ಉಸಿರೆಳೆಯುತ್ತದೆ; ಒಳಗೆ ಹೋಗುವುದು ನೀರು. ಚೆನ್ನಾಗಿ ಈಜು ಬಲ್ಲವರೂ ಹೀಗೆ ಹೋಗಿದ್ದಾರೆ, ಪಂದ್ಯ ಕಟ್ಟುವವರು ಅವರೇ ತಾನೆ?

‘ತಲೆ ಜುಮ್ಮೆನ್ನುವುದೇ ಆಮ್ಲಜನಕ ಏರಿದ ಗುರುತು’ ಎಂದು ವಾದಕ್ಕೆ ಬರುವವರೂ ಇದ್ದಾರೆ. ಪೂರಾ ಉಲ್ಟಾ ಸ್ವಾಮಿ. ಇಂಗಾಲದ ಡೈಆಕ್ಸೈಡ್ ಇಳಿದಾಗ ಮಿದುಳಿನ ರಕ್ತನಾಳಗಳು ಕಿರಿದಾಗಿ ಅಲ್ಲಿಗೆ ರಕ್ತವೇ ಕಮ್ಮಿಯಾಗುತ್ತದೆ. ಜುಮ್ಮೆನ್ನುವುದು ಅದಕ್ಕೆ.

ಯಾರೂ ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಕೋವಿಡ್ ಬಂದ ಕೆಲವರು ಆಕ್ಸಿಮೀಟರ್ 80 ತೋರಿಸುತ್ತಿದ್ದರೂ ಫೋನಿನಲ್ಲಿ ಆರಾಮಾಗಿ ಮಾತಾಡುತ್ತಿದ್ದರಲ್ಲ, ಅದಕ್ಕೂ ಬಹುಮಟ್ಟಿಗೆ ಕಾರಣ ಇದೇ. ಆಮ್ಲಜನಕ ಶ್ವಾಸಕೋಶದಿಂದ ರಕ್ತಕ್ಕೆ ಸರಿಯಾಗಿ ದಾಟುತ್ತಿರಲಿಲ್ಲ. ಇಂಗಾಲದ ಡೈಆಕ್ಸೈಡ್ ಹೊರಹೋಗಲು ಮಾತ್ರ ಅಂಥ ಅಡ್ಡಿ ಇರಲಿಲ್ಲ. ಆಮ್ಲಜನಕದ ಮೇಲೂ ಕಣ್ಣಿಡುವ ಪುಟ್ಟ ಅಂಗಗಳು ಕತ್ತಿನ ರಕ್ತನಾಳದ ಬಳಿ ಇವೆ, ನಿಜ. ಆದರೆ ಅವು ಗಟ್ಟಿಯಾಗಿ ಕೂಗುವುದು ಮಟ್ಟ ತೀರಾ ಇಳಿದ ಮೇಲೆ. ‘ನನಗೆ ಏದುಸಿರೇ ಇಲ್ಲ ಡಾಕ್ಟ್ರೇ’ ಎಂದವರಿಗೂ ವೈದ್ಯರು ಆಕ್ಸಿಜನ್ ಮಾಸ್ಕ್ ಹಾಕಿದ್ದು ಅದಕ್ಕೇ.