ಟೀ ಕ್ಯಾಡಿ: ತೂಕದ ಹೆಸರು ಹೊತ್ತ ಚಹಾ ಪೆಟ್ಟಿಗೆ

ಗಾಲ್ಫ್ ಆಡುವವರ ಚೀಲ ಹೊರುವವರನ್ನೂ ಕ್ಯಾಡಿ ಎನ್ನುತ್ತಾರೆ. ಟೀ ಕ್ಯಾಡಿಗೂ ಅದಕ್ಕೂ ಸಂಬಂಧವೇ ಇಲ್ಲ. ಇದು ಮಲಯ ಭಾಷೆಯ ‘ಕಾಟಿ’ಯಿಂದ ಬಂದ ಪದ. ಕಾಟಿ ಅಂದರೆ ಒಂದು ತೂಕ, ಸುಮಾರು 600 ಗ್ರಾಂ. ನಮ್ಮಲ್ಲಿ ‘ಸೇರು’ ಅಳತೆಯ ಹೆಸರೂ ಹೌದು, ಅಳೆಯುವ ಪಾತ್ರೆಯ ಹೆಸರೂ ಹೌದು, ಅಲ್ವಾ? ಹಾಗೆಯೇ ಇಂಗ್ಲಿಷಿನಲ್ಲಿ ತೂಕದ ಹೆಸರು ಪೆಟ್ಟಿಗೆಗೆ ಅಂಟಿಕೊಂಡಿತು.

18ನೇ ಶತಮಾನದ ಇಂಗ್ಲೆಂಡಿನಲ್ಲಿ ಚಹಾ ಬಲು ದುಬಾರಿ. ಚೀನಾದಿಂದ ಹಡಗಿನಲ್ಲಿ ಬರಬೇಕು. ಅದರ ಮೇಲೆ ತೆರಿಗೆ ಬೇರೆ. 1784ರಲ್ಲಿ ಆ ತೆರಿಗೆಯನ್ನು ಶೇ. 119ರಿಂದ ಶೇ. 12.5ಕ್ಕೆ ಇಳಿಸಿದರು ಎಂದರೆ ಅದಕ್ಕೂ ಮೊದಲಿನ ಬೆಲೆ ಊಹಿಸಿ! ಅದಕ್ಕೇ ಪೆಟ್ಟಿಗೆಗೆ ಬೀಗ. ಬೀಗದ ಕೈ ಮನೆಯೊಡತಿಯ ಹತ್ತಿರ. ನೆಂಟರ ಎದುರೇ ತೆರೆಯುವ ಪೆಟ್ಟಿಗೆಯಾದ್ದರಿಂದ ಅದು ಚೆಂದವಾಗಿಯೂ ಇರಬೇಕಿತ್ತು. ಒಳಗೆ ಹಸಿರು ಚಹಾಕ್ಕೊಂದು, ಕಪ್ಪು ಚಹಾಕ್ಕೊಂದು ಗೂಡು. ಘಮ ಹೋಗದಂತೆ ಗೂಡಿಗೆ ಸೀಸ, ತವರದ ತೆಳು ತಗಡಿನ ಹೊದಿಕೆ.

ಹೊರಗಿನ ಅಲಂಕಾರವೇ ಇನ್‌ಲೇ. ಮೈಸೂರಿನ ಬೀಟೆ ಮರದ ಕೆಲಸ ನೋಡಿದವರಿಗೆ ಇದು ಹೊಸದಲ್ಲ. ಮರದಲ್ಲಿ ತೋಡಿ, ಬೇರೆ ಬಣ್ಣದ ಮರದ ತುಂಡನ್ನು ಕೂದಲೂ ತೂರದಂತೆ ಕೂರಿಸುವುದು. ವಿಶಾಖಪಟ್ಟಣದ ಕುಶಲಕರ್ಮಿಗಳು ಇಂಗ್ಲಿಷರಿಗಾಗಿ ದಂತ ಕೂರಿಸಿದ ಕ್ಯಾಡಿಗಳನ್ನೇ ಮಾಡಿಕೊಟ್ಟಿದ್ದಾರೆ. ಇಂಗ್ಲೆಂಡಿನವರು ಸಾಮಾನ್ಯವಾಗಿ ಪೆಟ್ಟಿಗೆಯ ಮೇಲೆ ಮಹಾಗನಿ ಅಥವಾ ಸ್ಯಾಟಿನ್‌ವುಡ್‌ನ ತೆಳು ಪದರ ಅಂಟಿಸಿ, ಅದರಲ್ಲಿ ಚಿತ್ರ ಕೂರಿಸುತ್ತಿದ್ದರು.

ಆ ಚಿತ್ರಗಳಲ್ಲಿ ಕಡಲಚಿಪ್ಪು ನನಗೆ ಅಚ್ಚುಮೆಚ್ಚು. ಮುಚ್ಚಳದ ನಡುವೆ ಅಂಗೈಗಿಂತ ಚಿಕ್ಕದಾದ ಒಂದು ಚಿಪ್ಪು. ಅದರ ಗೆರೆಗೆರೆಯೂ ಉಬ್ಬಿ ನಿಂತಂತೆ ಕಾಣುತ್ತದೆ. ಬೆರಳಾಡಿಸಿದರೆ ಮಾತ್ರ ಪೂರಾ ಸಪಾಟು. ಹಾಗೆ ಉಬ್ಬಿದಂತೆ ತೋರಿಸುವುದು ಗೆರೆಗಳ ಅಂಚಿನ ನೆರಳು. ಆ ನೆರಳು ಬಣ್ಣ ಬಳಿದದ್ದಲ್ಲ, ಸುಟ್ಟದ್ದು! ಕಡಲೆಕಾಯಿ ಹುರಿಯುವವರ ಹಾಗೆ ಬಾಣಲೆಯಲ್ಲಿ ಮರಳು ಕಾಯಿಸುತ್ತಾರೆ. ಮರದ ಪುಟ್ಟ ತುಂಡನ್ನು ಚಿಮಟದಲ್ಲಿ ಹಿಡಿದು ಒಂದಂಚನ್ನಷ್ಟೇ ಮರಳಿಗೆ ಇಳಿಸುತ್ತಾರೆ. ಮರಳಿನ ತಳದಲ್ಲಿ ಬಿಸಿ ಜಾಸ್ತಿ, ಮೇಲೆ ಕಡಿಮೆ. ಹಾಗಾಗಿ ಅಂಚು ಗಾಢ ಕಂದು, ಮೇಲೇರಿದಂತೆ ತಿಳಿ. ಸ್ವಲ್ಪ ಹೊತ್ತು ಮೀರಿದರೂ ತುಂಡು ಕರಕಲು. ಹೀಗೆ ಒಂದೊಂದನ್ನೇ ಸುಟ್ಟು, ಜೋಡಿಸಿ, ಒಂದು ಚಿಪ್ಪು. ಸುಟ್ಟ ಗುರುತು ಮರದ ಒಳಗೂ ಇಳಿದಿರುವುದರಿಂದ, ಇನ್ನೂರು ವರ್ಷ ಒರೆಸಿ, ಉಜ್ಜಿ, ಪಾಲಿಶ್ ಮಾಡಿದ ಪೆಟ್ಟಿಗೆಗಳಲ್ಲೂ ಆ ನೆರಳು ಉಳಿದಿದೆ.