ಎಡ್ಜ್ ಸಾಧನಕ್ಕೊಂದು ಸಿಮ್: ಯುಎಸ್‌ಬಿ ಮೋಡೆಮ್ ಅಂದರೇನು, ಜೋಡಿಸುವುದು ಹೇಗೆ

ಕುಮಟಾ, ಅಂಕೋಲಾ ಕಡೆಯ ಗಜನಿಯಲ್ಲಿ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಯಲ್ಲಿ, ಸೀಗಡಿ ಸಾಕುವವರಿಗೆ ಬೆಳಗಿನ ಜಾವದ ಭಯ ಗೊತ್ತು. ಬಿಸಿಲಿಲ್ಲದಾಗ ಹೊಂಡದ ಪಾಚಿ ಆಮ್ಲಜನಕ ಕೊಡುವುದನ್ನು ನಿಲ್ಲಿಸಿ ತಾನೇ ಬಳಸತೊಡಗುತ್ತದೆ. ಸೂರ್ಯ ಹುಟ್ಟುವ ಮುನ್ನ ನೀರಿನಲ್ಲಿ ಕರಗಿದ ಆಮ್ಲಜನಕ ತೀರಾ ಕಡಿಮೆ ಇರುತ್ತದೆ. ಅದು ಲೀಟರಿಗೆ 4 ಮಿಲಿಗ್ರಾಂಗಿಂತ ಕೆಳಗಿಳಿಯುವ ಮೊದಲೇ ನೀರಿಗೆ ಗಾಳಿ ಬೆರೆಸುವ ಏರೇಟರ್ ತಿರುಗಬೇಕು. ಅಳತೆಯನ್ನು ದೂರದ ಸರ್ವರ್‌ಗೆ ಕಳಿಸಿ, ಅಲ್ಲಿಂದ ಅಪ್ಪಣೆ ಬರಲಿ ಎಂದು ಕಾಯುತ್ತ ಕೂತರೆ, ನೆಟ್‌ವರ್ಕ್ ಹೋದ ದಿನ ಹೊಂಡವೂ ಹೋಗುತ್ತದೆ. ದಂಡೆಯ ಮೇಲಿನ ಡಬ್ಬಿಯೊಳಗಿನ ಸಣ್ಣ ಕಂಪ್ಯೂಟರೇ ಲೆಕ್ಕ ಹಾಕಿ ಏರೇಟರಿನ ರಿಲೇ (ವಿದ್ಯುತ್ ಸ್ವಿಚ್) ಚಾಲೂ ಮಾಡಿದರೆ ಅದು ಎಡ್ಜ್ ಕಂಪ್ಯೂಟಿಂಗ್. ಆ ಕಂಪ್ಯೂಟರ್ ಎಡ್ಜ್ ಸಾಧನ. ರಾಸ್ಪ್‌ಬೆರಿ ಪೈ ಇರಬಹುದು, ಫ್ಯಾನ್ ಇಲ್ಲದ ಮಿನಿ ಪಿಸಿ ಇರಬಹುದು.

ಹಾಗಾದರೆ ಇಂಟರ್ನೆಟ್ ಯಾಕೆ? ಏರೇಟರ್ ಶುರುವಾಗಿದೆ ಎಂದು ಮಾಲೀಕರ ಫೋನಿಗೆ ತಿಳಿಸಲಿಕ್ಕೆ, ದಿನದ ಲೆಕ್ಕ ಮೇಲೆ ಕಳಿಸಲಿಕ್ಕೆ, ದೂರದಿಂದ ಸೆಟ್ಟಿಂಗ್ ಬದಲಿಸಲಿಕ್ಕೆ. ಗಜನಿಗೆ ಫೈಬರ್ ಎಳೆಯುವವರಿಲ್ಲ, ಶಿರಸಿ ಕಡೆಯ ಅಡಿಕೆ ತೋಟದ ನಡುವೆಯೂ ಇಲ್ಲ. ಅಲ್ಲಿ ಕೈಗೆ ಸಿಗುವ ದಾರಿ ಮೊಬೈಲ್ ಟವರ್. ಟವರಿಗೂ ಕಂಪ್ಯೂಟರಿಗೂ ನಡುವೆ ಕೂರುವುದೇ ಯುಎಸ್‌ಬಿ ಸೆಲ್ಯುಲರ್ ಮೋಡೆಮ್, ಅಂಗಡಿಯ ಮಾತಿನಲ್ಲಿ ಡಾಂಗಲ್. ಸುದ್ದಿ ಮುಟ್ಟಿಸುವುದಷ್ಟೇ ಅದರ ಕೆಲಸ, ನಿರ್ಧಾರ ಕಂಪ್ಯೂಟರಿನದು. ಡಾಂಗಲ್ ಆಗಾಗ ಕೈಕೊಡುತ್ತದೆ ಎಂದೇ ಲೆಕ್ಕ ಹಾಕಿ ಇಡೀ ವ್ಯವಸ್ಥೆ ಕಟ್ಟಬೇಕು.

ಡಾಂಗಲ್‌ನಲ್ಲಿ ಎರಡು ಜಾತಿ

ಹೊರಗಿನಿಂದ ನೋಡಿದರೆ ಎಲ್ಲ ಡಾಂಗಲ್‌ಗಳೂ ಒಂದೇ ಥರ. ಒಳಗೆ ಎರಡು ಬೇರೆ ಬೇರೆ ಜಾತಿ, ಮತ್ತು ಹೆಚ್ಚಿನ ಗೊಂದಲ ಹುಟ್ಟುವುದು ಇಲ್ಲೇ.

ಒಂದು ರೌಟರ್ ಜಾತಿ. ಹುವಾವೇ ಕಂಪನಿ ಇದನ್ನು ಹೈಲಿಂಕ್ ಎನ್ನುತ್ತದೆ. ಚುಚ್ಚಿದ ಕೂಡಲೇ ಇದು ಕಂಪ್ಯೂಟರಿಗೆ ಈಥರ್ನೆಟ್ ಕಾರ್ಡಿನಂತೆ ಕಾಣುತ್ತದೆ, ತಾನೇ ಟವರಿಗೆ ಡಯಲ್ ಮಾಡಿ ಒಳಗಡೆ ಒಂದು ಐಪಿ ವಿಳಾಸ ಹಂಚುತ್ತದೆ. ಹೈಲಿಂಕ್‌ನಲ್ಲಿ ಡಾಂಗಲ್‌ನ ವಿಳಾಸ ಸಾಮಾನ್ಯವಾಗಿ 192.168.8.1, ಬ್ರೌಸರ್‌ನಲ್ಲಿ ಅದನ್ನು ತೆರೆದರೆ ಎಪಿಎನ್ (ಮೊಬೈಲ್ ಕಂಪನಿಯ ಡೇಟಾ ಬಾಗಿಲಿನ ಹೆಸರು), ಸಿಗ್ನಲ್ ಎಲ್ಲ ಸಿಗುತ್ತದೆ. ಹೊಸಬರಿಗೆ ಇದು ಸುಲಭ. ಆದರೆ ಡಾಂಗಲ್ ಒಳಗೇ ಸಿಕ್ಕಿಹಾಕಿಕೊಂಡರೆ ಕಂಪ್ಯೂಟರಿಗೆ ಸುಳಿವೇ ಸಿಗುವುದಿಲ್ಲ, ತಂತಿ ಸರಿ ಇದೆ ಎಂದೇ ಅದು ನಂಬಿರುತ್ತದೆ. ಇನ್ನೊಂದು ತೊಡಕೂ ಇದೆ. ಲಿನಕ್ಸ್‌ನಲ್ಲಿ ಸಂಪರ್ಕಗಳನ್ನು ನೋಡಿಕೊಳ್ಳುವ ನೆಟ್‌ವರ್ಕ್ ಮ್ಯಾನೇಜರ್ ಈಥರ್ನೆಟ್‌ಗೆ 100, ವೈಫೈಗೆ 600, ಮೊಬೈಲ್ ಮೋಡೆಮ್‌ಗೆ 700 ಎಂದು ಕ್ರಮಾಂಕ ಕೊಡುತ್ತದೆ. ಕಡಿಮೆ ಸಂಖ್ಯೆ ಇದ್ದವರಿಗೆ ಮೊದಲ ಮಣೆ. ಈಥರ್ನೆಟ್ ವೇಷ ಹಾಕಿದ ಈ ಡಾಂಗಲ್ ಮನೆಯ ವೈಫೈ ಇದ್ದರೂ ಅದನ್ನು ಹಿಂದೆ ತಳ್ಳಿ ಸಿಮ್‌ನ ಡೇಟಾ ತಿನ್ನುತ್ತದೆ. ಆ ಸಂಪರ್ಕದ ಕ್ರಮಾಂಕವನ್ನು (ರೂಟ್ ಮೆಟ್ರಿಕ್) ಕೈಯಾರೆ 800 ಮಾಡಿಬಿಡಿ.

ಎರಡನೆಯದು ಶುದ್ಧ ಮೋಡೆಮ್ ಜಾತಿ. ಇದು ಕೆಲವು ಸೀರಿಯಲ್ ಪೋರ್ಟ್‌ಗಳನ್ನೂ, ಡೇಟಾಕ್ಕೆ ಕ್ಯುಎಂಐ ಅಥವಾ ಎಂಬಿಐಎಂ ಎಂಬ ದಾರಿಯನ್ನೂ ತೆರೆದಿಡುತ್ತದೆ. ಡಯಲ್ ಮಾಡುವುದು, ಸಿಗ್ನಲ್ ಕೇಳುವುದು, ಮೋಡೆಮ್ ಅನ್ನೇ ರೀಸೆಟ್ ಮಾಡುವುದು ಎಲ್ಲ ಕಂಪ್ಯೂಟರಿನ ಕೈಯಲ್ಲಿ. ಹಳೆಯ ಪಿಪಿಪಿ ಡಯಲಿಂಗ್ ಈಗಲೂ ನಡೆಯುತ್ತದೆ, ಆದರೆ ನಿಧಾನ. ಬೇರೆ ದಾರಿ ಇಲ್ಲದಿದ್ದರೆ ಮಾತ್ರ ಬಳಸಿ. ಕಾವಲಿಗೆ ಜನ ಇಲ್ಲದ ಜಾಗಕ್ಕೆ ನಮ್ಮ ಮತ ಈ ಎರಡನೇ ಜಾತಿಗೇ.

ಕೊಳ್ಳುವ ಮುನ್ನ ಬ್ಯಾಂಡ್, ಅಂದರೆ ಡಾಂಗಲ್ ಹಿಡಿಯಬಲ್ಲ ರೇಡಿಯೋ ತರಂಗಾಂತರ, ನೋಡಿ. ಮನೆಯ ಅಟ್ಟದಲ್ಲಿ ಬಿದ್ದಿರುವ ಹಳೆಯ 3ಜಿ ಡಾಂಗಲ್ ತಂದು ಜಿಯೋ ಸಿಮ್ ಹಾಕಿದರೆ ಏನೂ ಆಗುವುದಿಲ್ಲ, ಜಿಯೋಗೆ 2ಜಿ, 3ಜಿ ಇಲ್ಲವೇ ಇಲ್ಲ. 4ಜಿ ಡಾಂಗಲ್ ಆದರೂ ಬ್ಯಾಂಡ್ 3 (1800 ಮೆಗಾಹರ್ಟ್ಸ್), 5 (850), 8 (900), 40 (2300) ಇವೆಯೇ ಎಂದು ವಿವರ ಪಟ್ಟಿಯಲ್ಲಿ ಖಾತ್ರಿ ಮಾಡಿಕೊಳ್ಳಿ. ಬಿಎಸ್‌ಎನ್‌ಎಲ್ 4ಜಿಗೆ 28 (700) ಕೂಡ ಬೇಕು. ಘಟ್ಟದ ಗುಡ್ಡ, ದಟ್ಟ ಮರಗಳ ನಡುವೆ ದೂರ ಬರುವುದು 700, 850ರಂಥ ತಗ್ಗಿನ ಬ್ಯಾಂಡ್‌ಗಳೇ. ಯುರೋಪ್ ಮಾರುಕಟ್ಟೆಗೆಂದು ಮಾಡಿದ ಮಾದರಿಗಳಲ್ಲಿ 5 ಅಥವಾ 40 ಇಲ್ಲದಿರುವುದುಂಟು. ಒಂದೇ ಕಂಪನಿಯ ಸಿಮ್‌ಗೆ ಲಾಕ್ ಆದ ಡಾಂಗಲ್ ಬೇಡ.

ಜೋಡಿಸುವ ಕ್ರಮ

ಮೊದಲು ಸಿಮ್ ಅನ್ನು ಫೋನಿಗೆ ಹಾಕಿ, ಡಬ್ಬಿ ಕೂರಿಸುವ ಜಾಗಕ್ಕೇ ಹೋಗಿ ಡೇಟಾ ಓಡುತ್ತದೆಯೇ ನೋಡಿ. ಸಿಮ್ ಪಿನ್ ಇದ್ದರೆ ಅಲ್ಲೇ ತೆಗೆದುಹಾಕಿ. ಆಮೇಲೆ ಡಾಂಗಲ್‌ಗೆ ಹಾಕಿ ಲಿನಕ್ಸ್‌ನಲ್ಲಿ ಎಲ್‌ಎಸ್‌ಯುಎಸ್‌ಬಿ ಆಜ್ಞೆ ಕೊಡಿ, ಚುಚ್ಚಿದ ಯುಎಸ್‌ಬಿ ಸಾಧನಗಳ ಪಟ್ಟಿ ಗುರುತು ಸಂಖ್ಯೆಯೊಂದಿಗೆ ಬರುತ್ತದೆ. ಕೆಲವು ಡಾಂಗಲ್‌ಗಳು ಚುಚ್ಚಿದಾಗ ಮೋಡೆಮ್ ಆಗಿ ಅಲ್ಲ, ವಿಂಡೋಸ್ ಡ್ರೈವರ್ ಇರುವ ಸಿಡಿಯಾಗಿ ಮೊದಲು ತೋರುತ್ತವೆ. ಹುವಾವೇ ಇ3372 ಮಾದರಿಯಲ್ಲಿ 12ಡಿ1:1ಎಫ್01 ಕಂಡರೆ ಅದು ಇನ್ನೂ ಸಿಡಿ. 12ಡಿ1:14ಡಿಸಿ ಆದರೆ ಹೈಲಿಂಕ್‌ಗೆ ಬದಲಾಗಿದೆ ಎಂದರ್ಥ. ಈ ವೇಷ ಬಿಡಿಸುವ ಕೆಲಸ ಯುಎಸ್‌ಬಿ-ಮೋಡ್‌ಸ್ವಿಚ್ ಎಂಬ ಪ್ಯಾಕೇಜಿನದು. ಡೆಬಿಯನ್ ಮೂಲದ ವ್ಯವಸ್ಥೆಯಲ್ಲಿ ಅದನ್ನು ಹಾಕಿ ಮರು ಚುಚ್ಚಿದರೆ ಬಹುಪಾಲು ತಾನಾಗಿಯೇ ಬದಲಾಗುತ್ತದೆ.

ಮುಂದಿನದು ಶುದ್ಧ ಮೋಡೆಮ್ ಜಾತಿಗೆ: ಮೋಡೆಮ್ ನಡೆಸುವ ಮೋಡೆಮ್ ಮ್ಯಾನೇಜರ್ ಎಂಬ ತಂತ್ರಾಂಶ. ಎಂಎಂಸಿಎಲ್‌ಐ ಆಜ್ಞೆಯಲ್ಲಿ ಮೋಡೆಮ್ ಪಟ್ಟಿ ಕೇಳಿದಾಗ ಒಂದು ಸಾಲು ಬರಬೇಕು, ಅದರ ಸ್ಥಿತಿ 'ರಿಜಿಸ್ಟರ್ಡ್' ಎಂದಿರಬೇಕು. ಬಳಿಕ ನೆಟ್‌ವರ್ಕ್ ಮ್ಯಾನೇಜರ್‌ನಲ್ಲಿ ಜಿಎಸ್‌ಎಂ ಬಗೆಯ ಸಂಪರ್ಕವೊಂದನ್ನು ಸೇರಿಸಿ ಎಪಿಎನ್ ಕೊಡಿ: ಜಿಯೋಗೆ ಜಿಯೋನೆಟ್, ಏರ್‌ಟೆಲ್‌ಗೆ ಏರ್‌ಟೆಲ್‌ಜಿಪಿಆರ್‌ಎಸ್ ಡಾಟ್ ಕಾಮ್, ಬಿಎಸ್‌ಎನ್‌ಎಲ್‌ಗೆ ಬಿಎಸ್‌ಎನ್‌ಎಲ್‌ನೆಟ್. ಎಲ್ಲವೂ ಇಂಗ್ಲಿಷ್ ಸಣ್ಣಕ್ಷರದಲ್ಲಿ, ನಡುವೆ ಜಾಗ ಬಿಡದೆ. ಇಂಟರ್‌ಫೇಸ್ ಹೆಸರಿನ ಜಾಗದಲ್ಲಿ ನಕ್ಷತ್ರ ಚಿಹ್ನೆ ಹಾಕಿ, ಏಕೆಂದರೆ ಪೋರ್ಟ್ ಹೆಸರು ಇವತ್ತಿದ್ದಂತೆ ನಾಳೆ ಇರುವುದಿಲ್ಲ. ಆಟೋಕನೆಕ್ಟ್ ಮರುಪ್ರಯತ್ನದ ಸಂಖ್ಯೆಯನ್ನು 0 ಮಾಡಿ. ಇಲ್ಲಿ 0 ಅಂದರೆ ಬಿಡದೆ ಪ್ರಯತ್ನಿಸುತ್ತಿರು ಎಂದು, ಹೆದರಬೇಡಿ.

ಸೆನ್ಸರ್‌ಗಳು ಆರ್ಡುಯಿನೋ ಅಥವಾ ಬೇರೆ ಸೀರಿಯಲ್ ಬೋರ್ಡ್ ಮೂಲಕ ಬರುತ್ತಿದ್ದರೆ ಇನ್ನೊಂದು ಎಚ್ಚರ. ಹಳೆಯ ಮೋಡೆಮ್ ಮ್ಯಾನೇಜರ್ ಕಣ್ಣಿಗೆ ಬಿದ್ದ ಸೀರಿಯಲ್ ಪೋರ್ಟನ್ನೆಲ್ಲ ತೆರೆದು 'ನೀನು ಮೋಡೆಮ್ಮಾ?' ಎಂದು ಎಟಿ ಆಜ್ಞೆ ಕಳಿಸಿ ನೋಡುತ್ತದೆ. ಆ ಕ್ಷಣಕ್ಕೆ ಸೆನ್ಸರ್ ಅಳತೆಯಲ್ಲಿ ಕಸ ಬರುತ್ತದೆ. ಲಿನಕ್ಸ್ ಸಾಧನಗಳನ್ನು ಗುರುತಿಸುವ ಯುಡೆವ್ ನಿಯಮದಲ್ಲಿ ಆ ಬೋರ್ಡಿಗೆ ಐಡಿ-ಎಂಎಂ-ಡಿವೈಸ್-ಇಗ್ನೋರ್ (ID_MM_DEVICE_IGNORE) ಗುರುತು ಹಾಕಿದರೆ ಅದರ ಗೊಡವೆಗೆ ಹೋಗುವುದಿಲ್ಲ.

ಕೈಕೊಡುವುದು ಎಲ್ಲಿ

ಬಹಳಷ್ಟು ಸಲ ನೆಟ್‌ವರ್ಕ್ ಸಮಸ್ಯೆ ಎಂದು ಬೈಸಿಕೊಳ್ಳುವುದು ನಿಜಕ್ಕೂ ಕರೆಂಟಿನ ಸಮಸ್ಯೆ. ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾದದ್ದು 500 ಮಿಲಿಆಂಪಿಯರ್, ಯುಎಸ್‌ಬಿ 3.0 ಕೊಡಬೇಕಾದದ್ದು 900. ಟವರ್ ದೂರವಿದ್ದಷ್ಟೂ ಡಾಂಗಲ್ ಜೋರಾಗಿ ಕೂಗಬೇಕು, ಅಷ್ಟೂ ಹೆಚ್ಚು ಎಳೆಯುತ್ತದೆ. ಹೀಗಾಗಿ ಪೇಟೆಯ ಮೇಜಿನ ಮೇಲೆ ವಾರಗಟ್ಟಲೆ ಓಡಿದ ಸೆಟ್ಟು ಸಿದ್ದಾಪುರದ ಕಣಿವೆಯಲ್ಲಿ ಗಂಟೆಗೊಮ್ಮೆ ಬೀಳುತ್ತದೆ. ರಾಸ್ಪ್‌ಬೆರಿ ಪೈ 4ರಲ್ಲಿ ನಾಲ್ಕೂ ಪೋರ್ಟ್ ಸೇರಿ 1.2 ಆಂಪಿಯರ್, ಪೈ 5ಕ್ಕೆ 3 ಆಂಪಿಯರ್ ಅಡಾಪ್ಟರ್ ಕೊಟ್ಟರೆ ಯುಎಸ್‌ಬಿಗೆ ಸಿಗುವುದು ಒಟ್ಟು 600 ಮಿಲಿಆಂಪಿಯರ್ ಮಾತ್ರ, 5 ಆಂಪಿಯರ್ ಅಡಾಪ್ಟರ್ ಇದ್ದರೆ 1.6 ಆಂಪಿಯರ್. ಗುರುತು ಹೀಗೆ: ಕರ್ನೆಲ್ ಲಾಗ್‌ನಲ್ಲಿ 'ಯುಎಸ್‌ಬಿ ಡಿಸ್‌ಕನೆಕ್ಟ್', ಎರಡು ಸೆಕೆಂಡಿಗೆ ಮತ್ತೆ ಪತ್ತೆ, ಪೋರ್ಟ್ ಹೆಸರು ಟಿಟಿವೈಯುಎಸ್‌ಬಿ0 ಇದ್ದದ್ದು ಟಿಟಿವೈಯುಎಸ್‌ಬಿ4 ಆಗಿರುತ್ತದೆ. ಸ್ವಂತ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ಹಾಕಿದರೆ ಈ ಕಾಟ ಮುಗಿಯಿತು.

ಯುಎಸ್‌ಬಿ 3.0 ಪೋರ್ಟಿನ ಹತ್ತಿರ ಇನ್ನೊಂದು ಕಾಣದ ತೊಂದರೆ. ಅದರಿಂದ ಹೊಮ್ಮುವ ರೇಡಿಯೋ ಗದ್ದಲ 2.4 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ಜಾಸ್ತಿ, ಬ್ಯಾಂಡ್ 40 ಪಕ್ಕದಲ್ಲೇ ಇದೆ. ಡಾಂಗಲ್ ಅನ್ನು ನೀಲಿ ಪೋರ್ಟಿನಲ್ಲಿ, ಎಸ್‌ಎಸ್‌ಡಿ ಪಕ್ಕದಲ್ಲಿ ಚುಚ್ಚಬೇಡಿ. ಕಪ್ಪು 2.0 ಪೋರ್ಟಿನಿಂದ ಒಳ್ಳೆಯ ಎಕ್ಸ್‌ಟೆನ್ಷನ್ ಕೇಬಲ್ ಎಳೆದು ಡಾಂಗಲ್ ಅನ್ನೇ ಮಾಡಿನ ಎತ್ತರಕ್ಕೆ ಒಯ್ಯಿರಿ. 5 ಮೀಟರ್ ಯುಎಸ್‌ಬಿ 2.0ರ ಮಿತಿ, 3 ಮೀಟರಿನೊಳಗೆ ಇಟ್ಟರೆ ನೆಮ್ಮದಿ. ಹೊರ ಆಂಟೆನಾಗೆ ತೆಳುವಾದ ಆರ್‌ಜಿ-174 ಕೇಬಲ್ ಹತ್ತು ಮೀಟರ್ ಎಳೆಯುವುದಕ್ಕಿಂತ ಇದು ಮೇಲು, ಏಕೆಂದರೆ ಆ ಕೇಬಲ್ ಮೀಟರಿಗೆ 1 ಡೆಸಿಬೆಲ್‌ಗಿಂತ ಹೆಚ್ಚು ನುಂಗಿ, ಆಂಟೆನಾ ಗಳಿಸಿದ್ದನ್ನೆಲ್ಲ ದಾರಿಯಲ್ಲೇ ಕಳೆಯುತ್ತದೆ. ಪರವಾನಗಿ ಇಲ್ಲದ ಸಿಗ್ನಲ್ ಬೂಸ್ಟರ್ ಆನ್‌ಲೈನಿನಲ್ಲಿ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಹಾಕಬೇಡಿ. ಅದು ಕಾನೂನುಬಾಹಿರ, ಅಕ್ಕಪಕ್ಕದವರ ಫೋನನ್ನೂ ಕೆಡಿಸುತ್ತದೆ.

ಸಿಗ್ನಲ್ ಅಳೆಯುವಾಗ ಎಷ್ಟು ಕಡ್ಡಿ ಎಂದು ನೋಡಬೇಡಿ. 4ಜಿಯಲ್ಲಿ ನೋಡಬೇಕಾದ್ದು ಆರ್‌ಎಸ್‌ಆರ್‌ಪಿ, ಅಂದರೆ ಟವರಿನಿಂದ ಬಂದು ಮುಟ್ಟುವ ಸಿಗ್ನಲ್‌ನ ಬಲ. ಮೈನಸ್ 90 ಡಿಬಿಎಂಗಿಂತ ಮೇಲಿದ್ದರೆ ಚೆನ್ನ, ಮೈನಸ್ 110ಕ್ಕೆ ಕುಂಟುತ್ತದೆ, ಮೈನಸ್ 120ರ ಹತ್ತಿರ ಕೈಬಿಡಿ. ಅದರ ಜೊತೆ ಸಿಗ್ನಲ್‌ಗೂ ಗದ್ದಲಕ್ಕೂ ಇರುವ ಅನುಪಾತವೂ ಬೇಕು: ಅದು 0 ಡೆಸಿಬೆಲ್‌ಗಿಂತ ಕೆಳಗಿದ್ದರೆ ಆರ್‌ಎಸ್‌ಆರ್‌ಪಿ ಎಷ್ಟು ಚೆನ್ನಾಗಿದ್ದರೂ ಡೇಟಾ ತೆವಳುತ್ತದೆ. ಬೇಸಿಗೆಯಲ್ಲಿ ಅಳೆದು ಸಮಾಧಾನಪಟ್ಟುಕೊಂಡವರಿಗೆ ಆಷಾಢದಲ್ಲಿ ಬೇರೆ ಅಂಕಿ ಸಿಗುತ್ತದೆ. ಒದ್ದೆ ಎಲೆಗಳು ಸಿಗ್ನಲ್ ಹೀರುತ್ತವೆ. ಕರೆಂಟು ಹೋಗಿ ಟವರಿನ ಬ್ಯಾಟರಿ ಮುಗಿದರಂತೂ ನಿಮ್ಮ ಡಬ್ಬಿಯಲ್ಲಿ ಸೋಲಾರ್ ಇದ್ದೂ ಪ್ರಯೋಜನವಿಲ್ಲ.

ಅದಕ್ಕೇ ಅಳತೆಗಳನ್ನು ಮೊದಲು ಡಬ್ಬಿಯೊಳಗಿನ ಎಸ್‌ಕ್ಯುಲೈಟ್ (ಸಣ್ಣ ದತ್ತಸಂಚಯ) ಕಡತಕ್ಕೆ ಬರೆಯಿರಿ, ಆಮೇಲೆ ಕಳಿಸಿ. ಮುಟ್ಟಿತು ಎಂಬ ಉತ್ತರ ಬಂದ ಮೇಲಷ್ಟೇ 'ಕಳಿಸಲಾಗಿದೆ' ಎಂದು ಗುರುತು ಹಾಕಿ. ಪೈ 4ರಲ್ಲಿ ಬ್ಯಾಟರಿ ಗಡಿಯಾರ ಇಲ್ಲ. ಕರೆಂಟು ಹೋಗಿ ಬಂದಾಗ ನೆಟ್‌ವರ್ಕ್ ಇಲ್ಲದಿದ್ದರೆ ಹಳೆಯ ಸಮಯದಿಂದಲೇ ಶುರು ಮಾಡುತ್ತದೆ, ಅಳತೆಗಳೆಲ್ಲ ತಪ್ಪು ತಾರೀಕಿಗೆ ಹೋಗಿ ಕೂರುತ್ತವೆ. ಡಿಎಸ್3231 ಗಡಿಯಾರದ ಸಣ್ಣ ಬೋರ್ಡ್ ಸೇರಿಸಿ.

ಕಾರವಾರದಿಂದ ಉತ್ತರಕ್ಕೆ, ಸದಾಶಿವಗಡ, ಮಾಜಾಳಿ ಕಡೆ ಇನ್ನೊಂದು ಚೋದ್ಯ. ಗೋವಾ ಟೆಲಿಕಾಂ ಲೆಕ್ಕದಲ್ಲಿ ಮಹಾರಾಷ್ಟ್ರ ವಲಯಕ್ಕೆ ಸೇರುತ್ತದೆ. ಗಡಿಯಾಚೆಯ ಟವರ್ ಜೋರಾಗಿದ್ದರೆ ಮೋಡೆಮ್ ಅದಕ್ಕೇ ಅಂಟಿಕೊಳ್ಳಬಹುದು, ಕೆಲವು ಸಿಮ್‌ಗಳಲ್ಲಿ ಸ್ಥಿತಿ 'ರೋಮಿಂಗ್' ಎಂದಾಗುತ್ತದೆ. ಸಂಪರ್ಕದಲ್ಲಿ 'ಹೋಮ್ ಓನ್ಲಿ' ಹಾಕಿದ್ದರೆ ಸಿಗ್ನಲ್ ಭರ್ತಿ ಇದ್ದೂ ಡೇಟಾ ನಿಂತಿರುತ್ತದೆ. ಇಲ್ಲಿ ಅದನ್ನು ತೆಗೆದೇ ಇಡಿ.

ಒಳಗೆ ಬರುವ ದಾರಿ, ಎದ್ದೇಳುವ ದಾರಿ

ಫೈಬರ್ ರೌಟರಿನಲ್ಲಿ ಪೋರ್ಟ್ ತೆರೆದು ಅಭ್ಯಾಸ ಇದ್ದವರು ಸಿಮ್ ಮೇಲೂ ಅದೇ ಪ್ರಯತ್ನ ಮಾಡಿ ಸೋಲುತ್ತಾರೆ. ಮೊಬೈಲ್ ಕಂಪನಿ ಒಂದೇ ಐಪಿವಿ4 ವಿಳಾಸವನ್ನು ಅನೇಕರಿಗೆ ಹಂಚುತ್ತದೆ. ಸಿಮ್‌ಗೆ ಸಾಮಾನ್ಯವಾಗಿ ಸಿಗುವುದು 10ರಿಂದ, ಅಥವಾ 100.64ರಿಂದ 100.127ರವರೆಗಿನ ಸಂಖ್ಯೆಯಿಂದ ಶುರುವಾಗುವ ಒಳಗಿನ ವಿಳಾಸ. ಹೊರಗಿನಿಂದ ಅದಕ್ಕೆ ಬಾಗಿಲಿಲ್ಲ. ಸಾಧನವೇ ಹೊರಗೆ ಹೋಗಿ ಸಂಪರ್ಕ ಹಿಡಿದಿಟ್ಟುಕೊಳ್ಳಬೇಕು: ಅಳತೆಗಳಿಗೆ 8883 ಪೋರ್ಟಿನಲ್ಲಿ ಎಂಕ್ಯುಟಿಟಿ (ಸಣ್ಣ ಸಂದೇಶ ಕಳಿಸುವ ಪದ್ಧತಿ), ರಿಪೇರಿಗೆ ವೈರ್‌ಗಾರ್ಡ್ (ಗುಪ್ತ ಸುರಂಗದಂಥ ವಿಪಿಎನ್). ವೈರ್‌ಗಾರ್ಡ್‌ನಲ್ಲಿ ಪರ್ಸಿಸ್ಟೆಂಟ್ ಕೀಪ್‌ಅಲೈವ್ 25 ಸೆಕೆಂಡ್ ಹಾಕದಿದ್ದರೆ ನಿಮ್ಮ ಸಂಪರ್ಕ ಯಾವುದೆಂದು ಕಂಪನಿ ಇಟ್ಟುಕೊಂಡ ನಮೂದು ಅಳಿಸಿಹೋಗಿ ನಿಮಗೆ ದಾರಿ ಮುಚ್ಚುತ್ತದೆ.

ಡೇಟಾ ಲೆಕ್ಕ ಚಿಕ್ಕದು. ಐದು ನಿಮಿಷಕ್ಕೊಮ್ಮೆ 200 ಬೈಟ್ ಅಂದರೆ ದಿನಕ್ಕೆ 288 ಸಂದೇಶ, ಟಿಎಲ್‌ಎಸ್ (ಗೂಢಲಿಪಿ) ಮೇಲುಖರ್ಚು ಸೇರಿದರೂ ಒಂದೆರಡು ಎಂಬಿ. ಅದೇ 2 ಎಂಬಿಪಿಎಸ್ ವಿಡಿಯೋ ಬಿಟ್ಟರೆ ಗಂಟೆಗೆ 0.9 ಜಿಬಿ, ದಿನಕ್ಕೆ 21.6 ಜಿಬಿ. ಕಾರವಾರದ ಬೈತಖೋಲ್ ಬಂದರಿನಲ್ಲಿ ಮೀನಿನ ಬುಟ್ಟಿ ಎಣಿಸುವ ಕ್ಯಾಮೆರಾ ಇಟ್ಟರೆ, ಚಿತ್ರ ನೋಡಿ ಎಣಿಸುವುದು ಸಾಧನದಲ್ಲೇ ಆಗಬೇಕು, ಹೊರಗೆ ಹೋಗುವುದು ಬರೀ ಸಂಖ್ಯೆ. ತಾನಾಗಿ ಆಗುವ ಸಾಫ್ಟ್‌ವೇರ್ ಅಪ್‌ಡೇಟ್ ನಿಲ್ಲಿಸಿ, ಬಿಡುವಿನಲ್ಲಿ ನೀವೇ ಮಾಡಿ.

ಬಿದ್ದ ಮೋಡೆಮ್ ಎಬ್ಬಿಸುವುದನ್ನು ಮೆಟ್ಟಿಲು ಮೆಟ್ಟಿಲಾಗಿ ಬರೆಯಿರಿ. ನಿಮ್ಮ ಸರ್ವರ್‌ಗೆ ಮೂರು ಸಲ ಪಿಂಗ್ ಸೋತರೆ ಸಂಪರ್ಕ ಕಡಿದು ಮತ್ತೆ ಜೋಡಿಸಿ. ಐದು ನಿಮಿಷದಲ್ಲಿ ಬಾರದಿದ್ದರೆ ಮೋಡೆಮ್ ರೀಸೆಟ್. ಅದಕ್ಕೂ ಬಗ್ಗದಿದ್ದರೆ ಯುಎಸ್‌ಬಿ ಕರೆಂಟನ್ನೇ ಹತ್ತು ಸೆಕೆಂಡ್ ತೆಗೆಯಿರಿ. ಯುಹಬ್‌ಸಿಟಿಎಲ್ ಎಂಬ ತಂತ್ರಾಂಶ ಒಪ್ಪುವ ಹಬ್‌ಗಳಲ್ಲಿ ಇದು ಸಾಧ್ಯ, ಪೈ 4ರಲ್ಲಿ ಎಲ್ಲ ಪೋರ್ಟೂ ಒಟ್ಟಿಗೇ ಆರುತ್ತವೆ. ಇಡೀ ಕಂಪ್ಯೂಟರ್ ರೀಬೂಟ್ ಕೊನೆಯ ಮೆಟ್ಟಿಲು, ಅದೂ ಆರು ಗಂಟೆಗೆ ಒಮ್ಮೆ ಮೀರದಂತೆ. ಟವರೇ ಸತ್ತಿರುವಾಗ ಸಾಧನ ಹತ್ತು ನಿಮಿಷಕ್ಕೊಮ್ಮೆ ರೀಬೂಟ್ ಆಗುತ್ತ ಕೂತರೆ ಏರೇಟರ್ ನೋಡಿಕೊಳ್ಳುವವರಾರು?

ಕಡಲ ಗಾಳಿಯ ಉಪ್ಪು ಯುಎಸ್‌ಬಿ ತುದಿಗಳನ್ನು ಒಂದೇ ಮಳೆಗಾಲದಲ್ಲಿ ಹಸಿರುಗಟ್ಟಿಸುತ್ತದೆ. ಧೂಳು, ನೀರು ತಡೆಯುವ ಐಪಿ65 ದರ್ಜೆಯ ಪ್ಲಾಸ್ಟಿಕ್ ಡಬ್ಬಿ ಬಳಸಿ, ಕಬ್ಬಿಣದ್ದಾದರೆ ಸಿಗ್ನಲ್ಲೂ ತಡೆಯುತ್ತದೆ. ಕೇಬಲ್ ಗ್ಲ್ಯಾಂಡ್ ಡಬ್ಬಿಯ ತಳದಲ್ಲಿರಲಿ, ಕೇಬಲ್ ಒಳಹೋಗುವ ಮುನ್ನ ಕೆಳಗೆ ಜೋತುಬಿದ್ದು ಮೇಲೇರಲಿ, ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಒಳಗೆ ಸಿಲಿಕಾ ಜೆಲ್ ಇಟ್ಟು ಮಳೆಗಾಲಕ್ಕೆ ಮುಂಚೆ ಬದಲಿಸಿ. ಸಾಮಾನ್ಯ ಪ್ರೀಪೇಡ್ ಸಿಮ್ ಹಾಕಿದ್ದರೆ ರೀಚಾರ್ಜ್ ತಾರೀಕನ್ನು ಸಾಧನದ ಹೆಸರಿನೊಂದಿಗೆ ಫೋನಿನ ಕ್ಯಾಲೆಂಡರ್‌ನಲ್ಲಿ ಬರೆದಿಡಿ. ಹತ್ತಿಪ್ಪತ್ತು ಸಾಧನ ಇರುವವರಿಗೆ ಯಂತ್ರಗಳಿಗೆಂದೇ ಇರುವ 13 ಅಂಕಿಯ ಎಂ2ಎಂ ಸಿಮ್ ಯೋಗ್ಯ. ಎಲ್ಲದರ ಬಳಕೆ ಒಂದೇ ಪರದೆಯಲ್ಲಿ ಕಾಣುವ ಸೌಲಭ್ಯ ಇದೆಯೇ ಎಂದು ಕೊಳ್ಳುವಾಗಲೇ ಕೇಳಿ.