ಬೆಳ್ಳಿ ಬೋಗುಣಿಯನ್ನು ಮಗುಚಿ ನೋಡಿ

ಅಜ್ಜಿಯ ಕಾಲದ ಪನ್ನೀರುದಾನಿ ತಂದು, ಇದನ್ನು ಕರಗಿಸಿ ದೀಪ ಮಾಡಿಕೊಡಿ ಅನ್ನುವವರು ನನ್ನ ಹತ್ತಿರ ಬರುತ್ತಲೇ ಇರುತ್ತಾರೆ. ನಾನು ಅದನ್ನು ತಕ್ಕಡಿಗೆ ಹಾಕುವ ಮೊದಲು ಮಗುಚಿ ತಳ ನೋಡುತ್ತೇನೆ. ಸುತ್ತಿಗೆಯ ಗುರುತು, ಬೆಸುಗೆಯ ಗೆರೆ, ಮುದ್ರೆ, ಎಲ್ಲ ಅಲ್ಲೇ ಸಿಗುತ್ತದೆ. ಕರಗಿಸಿದರೆ ಬೆಳ್ಳಿ ಪೂರ್ತಿ ವಾಪಸ್ ಬರುತ್ತದೆ, ಮಾಡಿದವನ ಕೆಲಸ ಮಾತ್ರ ಒಂದು ಗುಲಗಂಜಿಯಷ್ಟೂ ಬರುವುದಿಲ್ಲ. ಈ ನಷ್ಟ ಎಷ್ಟು ದೊಡ್ಡದು ಅಂತ ತಿಳಿಯಬೇಕಾದರೆ 18ನೇ ಶತಮಾನದ ಪ್ಯಾರಿಸ್ ನೋಡಬೇಕು, ಅದರಲ್ಲೂ ಅಲ್ಲಿನ ಬೆಳ್ಳಿ ಕೆಲಸಗಾರ ತೋಮಾ ಜೆರ್ಮೇನ್ ಮತ್ತು ಅವರ ಮಗ ಫ್ರಾನ್ಸ್ವಾ-ತೋಮಾ ಜೆರ್ಮೇನ್ ಅವರ ಕೆಲಸವನ್ನು.

ಆಗ ಫ್ರಾನ್ಸಿನ ದೊಡ್ಡ ಮನೆತನಗಳಲ್ಲಿ ಒಂದು ಸುತ್ತಿನ ಅಡುಗೆಯನ್ನೆಲ್ಲ ಒಟ್ಟಿಗೇ ಮೇಜಿನ ಮೇಲೆ ಜೋಡಿಸಿಡುತ್ತಿದ್ದರು. ಅತಿಥಿ ಬಂದು ಕೂತರೆ ಕಣ್ಣಿಗೆ ಮೊದಲು ಬೀಳುವುದು ಪಾತ್ರೆ. ಮೇಜಿನ ಮುಖ್ಯ ಜಾಗದಲ್ಲಿ ಮುಚ್ಚಳವಿರುವ ದೊಡ್ಡ ಬೋಗುಣಿಗಳು, ಮೊಟ್ಟೆಯಾಕಾರದ್ದಕ್ಕೆ ತೆರೀನ್ ಅನ್ನುತ್ತಿದ್ದರು. ಕೆಳಗೊಂದು ತಟ್ಟೆ, ಒಳಗೆ ಎತ್ತಿ ತೆಗೆಯಬಹುದಾದ ಸಾದಾ ಪಾತ್ರೆ. ಸೂಪು, ಮಾಂಸದ ಅಡುಗೆ ತುಂಬುವುದು ಆ ಒಳಪಾತ್ರೆಗೆ. ಹೊರಗಿನದು ನೋಡುವುದಕ್ಕೆ.

ಆ ಹೊರಗಿನ ಹೊಟ್ಟೆಯೂ ಶುರುವಾಗುವುದು ಒಂದು ಚಪ್ಪಟೆ ತಗಡಿನಿಂದ. ತಗಡನ್ನು ಕಬ್ಬಿಣದ ಗೂಟದ ಮೇಲಿಟ್ಟು, ಹೊರಗಿನಿಂದ ಸುತ್ತಿಗೆಯಲ್ಲಿ ಸುತ್ತು ಸುತ್ತಾಗಿ ಬಡಿಯುತ್ತಾ ಒಳಕ್ಕೆ ತರಬೇಕು. ಪ್ಯಾರಿಸ್‌ನವರ ಬೆಳ್ಳಿ ಸಾವಿರಕ್ಕೆ 958 ಪಾಲು ಶುದ್ಧ, ಇಂಗ್ಲೆಂಡಿನ ಸ್ಟರ್ಲಿಂಗ್ 925. ಹಾಗಾಗಿ ಇದು ಜಾಸ್ತಿ ಮೆತ್ತಗೆ, ಸುತ್ತಿಗೆ ಹೇಳಿದ ಹಾಗೆ ಕೇಳುತ್ತದೆ. ಆದರೂ ಒಂದು ಸುತ್ತು ಬಡಿದರೆ ಗಡುಸಾಗಿಬಿಡುತ್ತದೆ. ಆಗ ಕಾಯಿಸಿ ಹದಕ್ಕೆ ತರಬೇಕು. ನೆರಳಿನಲ್ಲಿ ನೋಡಿದರೆ ಮಂಕು ಕೆಂಪು ಬಣ್ಣ ಬರಬೇಕು, ಅಷ್ಟೇ. ಇನ್ನೂ ಬಿಟ್ಟರೆ ಕರಗುವ ಭಯ. ನಾನು ಕಲಿಯುವಾಗ, ಇನ್ನೆರಡು ಏಟು ಹಾಕಿ ಆಮೇಲೆ ಕಾಯಿಸೋಣ ಅಂತ ಬಡಿದು, ಮೂರು ದಿನದ ಚೊಂಬಿನ ಅಂಚು ಸೀಳಿಹೋಗಿದ್ದು ಈಗಲೂ ಕಣ್ಣ ಮುಂದಿದೆ. ಒಂದು ಬೋಗುಣಿಗೆ ಹೀಗೆ ಎಷ್ಟೋ ಸಲ ಕಾಯಿಸಿ, ಎಷ್ಟೋ ಸಾವಿರ ಏಟು ಹಾಕಬೇಕು, ಗೋಡೆಯ ದಪ್ಪ ಎಲ್ಲೂ ಹೆಚ್ಚುಕಮ್ಮಿ ಆಗಬಾರದು.

ಹಿಡಿ, ಕಾಲು, ಮುಚ್ಚಳದ ತುದಿ ಇವೆಲ್ಲ ಎರಕ. ಎರಕದಿಂದ ಬಂದದ್ದು ಮಂಕಾಗಿರುತ್ತದೆ, ಅದಕ್ಕೆ ಜೀವ ಬರುವುದು ಉಳಿಯಿಂದ. 1754ರಲ್ಲಿ ಫ್ರಾನ್ಸ್ವಾ-ತೋಮಾ ಒಬ್ಬ ಜರ್ಮನ್ ಡ್ಯೂಕ್‌ಗೆ ಮಾಡಿಕೊಟ್ಟ ಬೆಳ್ಳಿಯ ಗುಡ್ಡೆಯೊಂದಿದೆ, ಈಗ ಲಾಸ್ ಏಂಜಲೀಸ್‌ನ ಗೆಟ್ಟಿ ಮ್ಯೂಸಿಯಂನಲ್ಲಿ. ಬೇಟೆಯಾಡಿ ತಂದ ಮೊಲ, ಹಕ್ಕಿಗಳು, ತರಕಾರಿ, ಸುಮ್ನೆ ಅಡುಗೆಮನೆ ಕಟ್ಟೆ ಮೇಲೆ ಹಾಕಿದ ಹಾಗೆ. ಫೋಟೋವನ್ನು ದೊಡ್ಡದು ಮಾಡಿ ನೋಡಿ. ಮೊಲದ ಕೂದಲಿಗೆ ಒಂದು ಥರದ ಗೀರು, ರೆಕ್ಕೆಯ ಗರಿಗೆ ಇನ್ನೊಂದು ಥರ. ಉಳಿ ಬದಲಾಗಿದೆ, ಕೈಯ ಭಾರವೂ ಬದಲಾಗಿದೆ. ಒಂದೇ ಲೋಹ, ಒಂದೇ ಬಣ್ಣ, ಆದರೂ ಯಾವುದು ಮೆತ್ತಗೆ ಯಾವುದು ಒರಟು ಅಂತ ಕಣ್ಣಿಗೇ ಗೊತ್ತಾಗುತ್ತದೆ. ಇದಕ್ಕಿಂತ ದೊಡ್ಡ ಕುಸುರಿ ನನಗಂತೂ ಗೊತ್ತಿಲ್ಲ.

ಈಗ ತಳಕ್ಕೆ ಬರೋಣ. ಪ್ಯಾರಿಸ್ ಪಾತ್ರೆಯಲ್ಲಿ ಒಂದಲ್ಲ, ಹಲವು ಮುದ್ರೆ ಇರುತ್ತವೆ: ಕುಶಲಕರ್ಮಿಯದು, ಅಕ್ಕಸಾಲಿಗರ ಸಂಘದವರು ಶುದ್ಧತೆ ಪರೀಕ್ಷಿಸಿ ಒತ್ತಿದ್ದು, ತೆರಿಗೆಯವರು ಕೆಲಸ ಮುಗಿಯುವ ಮೊದಲು ಒಂದು, ತೆರಿಗೆ ಕಟ್ಟಿದ ಮೇಲೆ ಇನ್ನೊಂದು. ಕುಶಲಕರ್ಮಿಯ ಮುದ್ರೆಯಲ್ಲಿ ಕಿರೀಟವಿರುವ ಲಿಲ್ಲಿ ಹೂವು, ಹೆಸರಿನ ಅಕ್ಷರಗಳು, ಅವನದೇ ಒಂದು ಗುರುತು, ಜೊತೆಗೆ ಎರಡು ಚುಕ್ಕಿ. ತೋಮಾ ಅವರ ಗುರುತು ಕುರಿಯ ಉಣ್ಣೆಚರ್ಮ. ಆ ಎರಡು ಚುಕ್ಕಿ ಅಲಂಕಾರ ಅಲ್ಲ. ಗ್ರೇನ್ ಅಂದರೆ ಶುದ್ಧತೆ ಅಳೆಯುವ ಆಗಿನ ಸಣ್ಣ ಮಾನ; ಶುದ್ಧತೆಯಲ್ಲಿ ಎರಡು ಗ್ರೇನ್‌ನಷ್ಟು ಕಮ್ಮಿಯಾದರೆ ಒಪ್ಪುತ್ತೇವೆ ಅನ್ನುವ ಲೆಕ್ಕ!

ಆಮೇಲೆ ಮಗ್ಗುಲು. ಮಾಡಿಸಿದ ಮನೆತನದ ಲಾಂಛನವನ್ನು ಅಲ್ಲಿ ಕೊರೆದಿರುತ್ತಾರೆ. ಪಾತ್ರೆ ಕೈಬದಲಾದಾಗ ಹೊಸ ಒಡೆಯ ಅದನ್ನು ಉಜ್ಜಿಸಿ ತನ್ನದನ್ನು ಹಾಕಿಸಿರಬಹುದು. ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದರೆ ಆ ಜಾಗ ತೆಳುವಾಗಿ ಒಳಕ್ಕೆ ಹೋಗುವುದು ಬೆರಳಿಗೆ ಸಿಗುತ್ತದೆ. ಬಾಯಿಯ ಬಿಸಿ ಉಸಿರು ಬಿಟ್ಟರೆ ಹಳೇ ಗೆರೆ ಕ್ಷಣ ಹೊತ್ತು ಕಾಣಿಸುವುದೂ ಉಂಟು.

ಇಷ್ಟು ಕೆಲಸ ಮಾಡಿದ್ದರಲ್ಲಿ ಉಳಿದದ್ದು ತೀರಾ ಕಮ್ಮಿ. ಬೆಳ್ಳಿ ಅಂದರೆ ದುಡ್ಡು ತಾನೇ? ಫ್ರಾನ್ಸಿನ ರಾಜ 14ನೇ ಲೂಯಿ ಯುದ್ಧದ ಖರ್ಚಿಗೆ 1689ರಲ್ಲಿ ವರ್ಸೈ ಅರಮನೆಯ ಬೆಳ್ಳಿ ಪೀಠೋಪಕರಣಗಳನ್ನೇ ಕರಗಿಸಿದ. 1709ರಲ್ಲಿ ಮತ್ತೆ, 15ನೇ ಲೂಯಿ 1759ರಲ್ಲಿ ಮತ್ತೆ, ಆಮೇಲೆ ಫ್ರೆಂಚ್ ಕ್ರಾಂತಿ. ಇವತ್ತು ನಮಗೆ ಸಿಗುವ ಒಳ್ಳೆಯ ಫ್ರೆಂಚ್ ಬೆಳ್ಳಿಯಲ್ಲಿ ಬಹಳಷ್ಟು ಉಳಿದದ್ದು ಫ್ರಾನ್ಸ್ ಬಿಟ್ಟು ಹೊರಗೆ ಹೋದದ್ದಕ್ಕೆ. ಆದರೆ ಹೊರಗೂ ಎಲ್ಲ ಉಳಿಯಲಿಲ್ಲ. ತೋಮಾ ಪೋರ್ಚುಗಲ್ ಅರಮನೆಗೆ ಮಾಡಿಕೊಟ್ಟ ಬೆಳ್ಳಿ 1755ರ ಲಿಸ್ಬನ್ ಭೂಕಂಪದಲ್ಲಿ ಹೋಯಿತು. ಮರುವರ್ಷವೇ ರಾಜ ಮೊದಲನೇ ಜೋಸೆ ಹೊಸ ಸೆಟ್ ಮಾಡಿಕೊಡಲು ಹೇಳಿದ್ದು ಮಗ ಫ್ರಾನ್ಸ್ವಾ-ತೋಮಾಗೆ. ಅಂಥ ಗಿರಾಕಿಗಳಿದ್ದೂ 1765ರಲ್ಲಿ ಅವರು ದಿವಾಳಿಯಾದರು.

ಲಿಸ್ಬನ್‌ಗೆ ಹೋಗುವ ಅವಕಾಶ ಸಿಕ್ಕರೆ ರಾಷ್ಟ್ರೀಯ ಪ್ರಾಚೀನ ಕಲಾ ಮ್ಯೂಸಿಯಂನಲ್ಲಿ ಮಗನ ಕೆಲಸ ನೋಡಿ. ಅದೇ ಊರಿನ ಗುಲ್ಬೆಂಕಿಯನ್ ಮ್ಯೂಸಿಯಂನಲ್ಲಿ 1736ರ ಒಂದು ಚಿತ್ರವಿದೆ. ಲಾರ್ಜಿಲಿಯೇರ್ ಬರೆದದ್ದು. ತೋಮಾ ಜೆರ್ಮೇನ್ ಹೆಂಡತಿಯ ಜೊತೆ ತಮ್ಮ ಬೆಳ್ಳಿ ಕೆಲಸದ ಮುಂದೆ ಇದ್ದಾರೆ.